ಎತ್ತರದ ಅಂಕಿ, ಹೊರೆಯ ಲೆಕ್ಕ

ಹಿಮಾಲಯದ ಗಡಿಯಲ್ಲಿ ಕಣ್ಗಾವಲಿಗೆಂದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಮಾನವರಹಿತ ಹೆಲಿಕಾಪ್ಟರೊಂದನ್ನು ರೂಪಿಸುತ್ತಿದೆ, ಅದು 40 ಕಿಲೋಗ್ರಾಂ ಹೊರೆ ಹೊರಬಲ್ಲದು ಎಂದು 2022ರ ಜನವರಿಯಲ್ಲಿ ಪತ್ರಿಕೆಗಳು ವರದಿ ಮಾಡಿದವು. ಇದಕ್ಕೆ ರನ್‌ವೇ ಬೇಡ. ಪೈಲಟ್‌ನ ಪ್ರಾಣವನ್ನು ಪಣಕ್ಕಿಡಬೇಕಾಗಿಲ್ಲ. ಉದ್ದೇಶ ಒಳ್ಳೆಯದೇ. ಆಕ್ಷೇಪವಿರುವುದು ಇಂಥ ಯಂತ್ರಗಳನ್ನು ನಮಗೆ ಪರಿಚಯಿಸುವ ರೀತಿಯ ಬಗ್ಗೆ. ಹೊರೆಗೆ ಒಂದು ಅಂಕಿ, ಎತ್ತರಕ್ಕೆ ಇನ್ನೊಂದು ಅಂಕಿ ಕೊಡುತ್ತಾರೆ. ಎರಡೂ ಒಟ್ಟಿಗೇ ದೊರೆಯುತ್ತವೆಂದು ಓದುಗ ನಂಬುತ್ತಾನೆ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ.

ಹೆಲಿಕಾಪ್ಟರು ನಿಂತಲ್ಲೇ ತೇಲಬೇಕಾದರೆ ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಇದಕ್ಕೆ ಬೇಕಾದ ಸಾಮರ್ಥ್ಯವು ತೂಕದ ಒಂದೂವರೆ ಘಾತಕ್ಕೆ ಅನುಲೋಮವಾಗಿಯೂ ಗಾಳಿಯ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಸಾಮಾನ್ಯ ಪಿಸ್ಟನ್ ಎಂಜಿನ್ನಿನ ಸಾಮರ್ಥ್ಯವಾದರೋ ಸಾಂದ್ರತೆಯೊಡನೆ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡನ್ನೂ ಸೇರಿಸಿದರೆ ಸಿಗುವ ಫಲಿತಾಂಶ ಸರಳ: ಎತ್ತಬಲ್ಲ ಒಟ್ಟು ತೂಕ ಸಾಂದ್ರತೆಗೆ ಅನುಲೋಮ. ಸಮುದ್ರಮಟ್ಟದಲ್ಲಿ ಘನಮೀಟರಿಗೆ 1.225 ಕಿಲೋಗ್ರಾಂ ಇರುವ ಸಾಂದ್ರತೆ 5,000 ಮೀಟರ್ ಎತ್ತರದಲ್ಲಿ 0.736 ಮಾತ್ರ, ಅಂದರೆ ಶೇಕಡಾ 60. ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ 200 ಕಿಲೋಗ್ರಾಂ ಎತ್ತುವ ಯಂತ್ರ ಅಲ್ಲಿ 120 ಕಿಲೋಗ್ರಾಂ ಎತ್ತೀತು. ಅದರ ಸ್ವಂತ ತೂಕವೇ 110 ಎಂದಿಟ್ಟುಕೊಳ್ಳಿ. ಇಂಧನ, ಕ್ಯಾಮೆರಾ ಎರಡಕ್ಕೂ ಸೇರಿ ಉಳಿಯುವುದು 10! ಟರ್ಬೋಚಾರ್ಜರ್ ಅಥವಾ ಮಿಗುಸಾಮರ್ಥ್ಯದ ಎಂಜಿನ್ ಈ ಕೊರತೆಯನ್ನು ತಗ್ಗಿಸಬಲ್ಲದು. ಆದರೆ ಅದಕ್ಕೂ ತೂಕವಿದೆ.

ಇದನ್ನು ಮನಗಾಣಲು ಲಡಾಖಿಗೇ ಹೋಗಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಸಮುದ್ರಮಟ್ಟದಿಂದ ಸುಮಾರು 400ರಿಂದ 450 ಮೀಟರ್ ಎತ್ತರದಲ್ಲಿವೆ. ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಸುಮಾರು 1.06ಕ್ಕೆ ಇಳಿಯುತ್ತದೆ. ಹೆಲಿಕಾಪ್ಟರಿನ ಪಾಲಿಗೆ ಶಹಾಬಾದಿನ ಮಧ್ಯಾಹ್ನ 1,500 ಮೀಟರ್ ಎತ್ತರದ ಬೆಟ್ಟವಿದ್ದಂತೆ. ನಮ್ಮ 200 ಕಿಲೋಗ್ರಾಂ ಇಲ್ಲೇ 173 ಆಗಿಬಿಟ್ಟಿತು. ಆದ್ದರಿಂದ ಎತ್ತರದ ಜತೆಗೆ ಉಷ್ಣತೆಯನ್ನೂ ಹೇಳದ ಅಂಕಿ ಅಪೂರ್ಣ.

ದಾಖಲೆಯ ಎತ್ತರವೂ ದಾರಿ ತಪ್ಪಿಸುತ್ತದೆ. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬುಲೆ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಏರಿದರು. ಅದಕ್ಕಾಗಿ ಯಂತ್ರದ ಅನಗತ್ಯ ಭಾಗಗಳನ್ನೆಲ್ಲ ಕಳಚಲಾಗಿತ್ತು. ಮೇಲೆ ಎಂಜಿನ್ ಆರಿಹೋಗಿ, ಗಾಳಿಗೇ ತಿರುಗುವ ರೋಟರಿನ ಬಲದಿಂದ ಅವರು ಕೆಳಗಿಳಿದರು. ಅದೇ ಲಾಮಾ ನಮ್ಮಲ್ಲಿ ‘ಚೀತಾ’ ಆಗಿ ತಯಾರಾಗಿ ಸಿಯಾಚಿನ್ ಠಾಣೆಗಳಿಗೆ ಸಾಮಾನು ಒಯ್ದಿತು. ಅಲ್ಲಿ ಲೆಕ್ಕಕ್ಕೆ ಬರುವುದು ದಾಖಲೆಯಲ್ಲ, ಪ್ರತಿ ಹಾರಾಟದಲ್ಲೂ ಒಯ್ಯಬಲ್ಲ ಹೊರೆ.

2020ರಲ್ಲಿ ಮೊದಲು ಹಾರಿದ ಚೀನಾದ ಎಆರ್-500ಸಿ ಬಗ್ಗೆ ಎರಡು ಅಂಕಿಗಳು ಪ್ರಕಟವಾದವು: 5,000 ಮೀಟರ್ ಎತ್ತರದ ನೆಲದಿಂದ ಹೊರಡಬಲ್ಲದು, 6,700 ಮೀಟರ್‌ವರೆಗೆ ಏರಬಲ್ಲದು. ಇವು ತಯಾರಕರ ಹೇಳಿಕೆಗಳೇ ಆದರೂ ವಿಂಗಡಣೆ ಸರಿಯಾಗಿದೆ. ಮುನ್ನುಗ್ಗಿ ಹಾರುವಾಗ ಬೇಕಾದ ಸಾಮರ್ಥ್ಯ ಕಡಿಮೆ, ನಿಂತಲ್ಲೇ ತೇಲುವಾಗ ಹೆಚ್ಚು.

ನಮ್ಮ ಯಂತ್ರಗಳ ಬಗ್ಗೆಯೂ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಎತ್ತರದ ನೆಲದಿಂದ, ಎಷ್ಟು ಉಷ್ಣತೆಯಲ್ಲಿ, ಎಷ್ಟು ಹೊರೆಯೊಡನೆ, ಎಷ್ಟು ಹೊತ್ತು? ಈ ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು. ಆ ಕ್ಯಾಮೆರಾದ ಕಣ್ಣನ್ನು ನಂಬಿ ಹಿಮದಲ್ಲಿ ನಿಲ್ಲುವ ಸೈನಿಕನಿಗೆ ಬಿಡಿ ಅಂಕಿಗಳಿಂದ ಪ್ರಯೋಜನವಿಲ್ಲ.