ಮೊದಲು ಬ್ರೌಸರು, ಕಡೆಗೆ ವಾಟ್ಸ್ಆ್ಯಪ್

ಗೂಗಲ್, ಫೇಸ್‌ಬುಕ್‌ಗಳ ಹಂಗಿಲ್ಲದೆ ಫೋನ್ ಬಳಸುವ ದಾರಿ ಹೇಳಿ ಎಂದು ಕೇಳಿದವರಿಗೆ ನಾನು ಕೊಡುವ ಮೊದಲ ಉತ್ತರ ಅಷ್ಟಾಗಿ ಹಿಡಿಸುವುದಿಲ್ಲ: ವಾಟ್ಸ್ಆ್ಯಪ್ ತಂಟೆಗೆ ಈಗಲೇ ಹೋಗಬೇಡಿ. ಅದನ್ನು ಬಿಡುವುದು ಒಬ್ಬರ ಕೈಯಲ್ಲಿಲ್ಲ. ತವರಿನವರು, ಬೀಗರು, ಸಂಘದ ಹೆಣ್ಣುಮಕ್ಕಳು, ಮಗಳ ಶಾಲೆಯ ಟೀಚರು, ಸೋಯಾ ದರ ಕಳಿಸುವ ಅಡತಿಯವರು ಎಲ್ಲರೂ ಅಲ್ಲೇ ಇರುವಾಗ ಒಬ್ಬರೇ ಎದ್ದು ಹೊರಟರೆ ಊರು ಬಿಟ್ಟಂತೆ. ಎಂಟು ದಿನಕ್ಕೆ ತಿರುಗಿ ಬರುತ್ತಾರೆ. ಆಮೇಲೆ ಬೇರೆ ಯಾವುದರ ಮಾತನ್ನೂ ಎತ್ತುವುದಿಲ್ಲ.

ಬ್ರೌಸರ್ ಹಾಗಲ್ಲ. ಅದನ್ನು ಬದಲಿಸಲು ಯಾರನ್ನೂ ಒಪ್ಪಿಸಬೇಕಿಲ್ಲ, ಬದಲಿಸಿದ ಸುಖ ಅದೇ ನಿಮಿಷಕ್ಕೆ ಕಣ್ಣಿಗೆ ಕಾಣುತ್ತದೆ. ಭಾಲ್ಕಿಯಲ್ಲಿರುವ ನಮ್ಮ ಸೋದರತ್ತೆಗೆ ಫೋನಿನಲ್ಲಿ ಪಂಚಾಂಗ ನೋಡುವ, ಮನೆಮದ್ದು ಓದುವ ಅಭ್ಯಾಸ. ಅವರು ತೆರೆದ ಪುಟದಲ್ಲಿ ಮೇಲೊಂದು ಜಾಹೀರಾತು, ಕೆಳಗೊಂದು ವಿಡಿಯೊ, ನಡುವೆ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿ. ತಿಥಿ, ನಕ್ಷತ್ರಗಳಿಗೆ ಉಳಿದದ್ದು ಎರಡು ಬೆರಳಗಲದ ಜಾಗ. ಆ ಹಸಿರು ಗುಂಡಿಯನ್ನೇ ಒತ್ತಿ ಒತ್ತಿ ಫೋನಿನಲ್ಲಿ ಬೇಡದ ಆ್ಯಪ್‌ಗಳು ತುಂಬಿಕೊಂಡಿದ್ದವು. ನಾನು ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಜೋಡಿಸಿ, ಅದೇ ಪುಟವನ್ನು ತೆರೆದು ಅವರ ಕೈಗೆ ಕೊಟ್ಟೆ.

“ಯವ್ವಾ! ಅವೆಲ್ಲಾ ಎಲ್ಲಿ ಹೋದ್ವೋ ತಮ್ಮಾ?”

“ಬರಲಾರ್‌ದಂಗ ತಡೆದೀನಿ ಅತ್ತಿ. ಇನ್ನ ನೀವು ಏನ್ ಓದ್ತೀರಿ ಅನ್ನೋದು ಅವರಿಗಿ ಅಷ್ಟು ಸುಲಭಕ್ಕ ತಿಳ್ಯಂಗಿಲ್ಲ.”

ಎರಡನೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ, ಅಂದಿಗೆ ಅದರ ಅಗತ್ಯವೂ ಇರಲಿಲ್ಲ. ಮೊದಲ ದಿನವೇ ಕಣ್ಗಾವಲಿನ ಪಾಠ ಹೇಳಿದರೆ ಜನ ಹೆದರುತ್ತಾರೆ, ಹೆದರಿದವರು ಹೊಸದನ್ನು ಕಲಿಯುವುದಿಲ್ಲ. ಪುಟ ಬೇಗ ತೆರೆಯಿತು, ಡೇಟಾ ಉಳಿಯಿತು, ಕಣ್ಣಿಗೆ ಹಿತವಾಯಿತು ಎಂಬುದು ಮನಸ್ಸಿಗೆ ಬಂದರೆ ಉಳಿದದ್ದನ್ನು ಅವರೇ ಕೇಳುತ್ತಾರೆ. ಯುಬ್ಲಾಕ್ ಒರಿಜಿನ್ ಕೆನಡಾದ ರೇಮಂಡ್ ಹಿಲ್ ಎಂಬವರು ಕಟ್ಟಿದ್ದು, ಅದಕ್ಕಾಗಿ ಅವರು ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಫೋನಿನ ಕ್ರೋಮ್‌ನಲ್ಲಿ ಇಂಥ ವಿಸ್ತರಣೆಗಳಿಗೆ ಜಾಗವೇ ಇಲ್ಲ. ಫೈರ್‌ಫಾಕ್ಸ್‌ನ ಮೆನು ಕನ್ನಡದಲ್ಲಿ ಸಿಗುತ್ತದೆ. ಸಂಬಳವಿಲ್ಲದೆ ಅದನ್ನು ಕನ್ನಡಕ್ಕೆ ತಂದ ಸ್ವಯಂಸೇವಕರ ಕೆಲಸ ದೊಡ್ಡದು.

ಒಂದು ಸಣ್ಣ ಸಂಗತಿಯನ್ನು ಒತ್ತಿ ಹೇಳಬೇಕು. ಹೊಸ ಬ್ರೌಸರಿನ ಚಿತ್ರವನ್ನು ಕ್ರೋಮ್ ಚಿತ್ರ ಇದ್ದ ಜಾಗದಲ್ಲೇ ಇಡಿ, ಕ್ರೋಮನ್ನು ಪಕ್ಕದ ಪರದೆಗೆ ಸರಿಸಿ, ಆದರೆ ಅಳಿಸಬೇಡಿ. ನಮ್ಮ ಅತ್ತೆಯಂಥವರು ಹೆಸರು ಓದಿ ಆ್ಯಪ್ ತೆರೆಯುವುದಿಲ್ಲ, ಕೆಳಗಿನ ಸಾಲಿನ ಬಲಗಡೆಯದು ಎಂದು ಹೆಬ್ಬೆರಳಿಗೆ ಗೊತ್ತಿರುತ್ತದೆ.

“ನಂದೇನ್ ಅದ ಮುಚ್ಚಿಡೋದು?” ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. ಭಾಲ್ಕಿಯಲ್ಲಿ ಕುಳಿತು ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡದ ಕಲಿಕೆಗೆ ಎಡೆಯಿಲ್ಲದಿದ್ದಾಗ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಕಲಿತ ಮಕ್ಕಳಾಗಲಿ ಕಲಿಸಿದ ಗುರುಗಳಾಗಲಿ ಮಾಡಿದ್ದು ತಪ್ಪು ಕೆಲಸವಲ್ಲ. ಸರಿಯಾದ ಕೆಲಸಕ್ಕೂ ಕೆಲವೊಮ್ಮೆ ನಾಲ್ಕು ಗೋಡೆಯ ಆಸರೆ ಬೇಕಾಗುತ್ತದೆ ಎಂಬುದನ್ನು ಈ ಊರಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟ ಮೊಕದ್ದಮೆಯೂ ನಮ್ಮ ರಾಜ್ಯದವರ ಹೆಸರಿನದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಕುರಿತು 2012ರಲ್ಲಿ ಹೂಡಿದ ಅರ್ಜಿ ಅದು. ಆಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು.

ಬ್ರೌಸರ್ ಒಗ್ಗಿದ ಮೇಲೆ ಎರಡನೆಯ ಕೆಲಸ ಅನುಮತಿಗಳದು. ಇಲ್ಲಿ ಹೊಸದೇನನ್ನೂ ಹಾಕುವುದಿಲ್ಲ, ಇರುವುದಕ್ಕೆ ಬೀಗ ಹಾಕುತ್ತೇವೆ. ಔರಾದ್ ಕಡೆಯ ಹುಡುಗನೊಬ್ಬ ಬಿತ್ತನೆಯ ಹೊತ್ತಿಗೆ ಯಾವುದೋ ಸಾಲದ ಆ್ಯಪ್‌ನಿಂದ ಸ್ವಲ್ಪ ದುಡ್ಡು ತೆಗೆದಿದ್ದ. ಕಂತು ತಪ್ಪಿದ ವಾರವೇ ಅವನ ಸೋದರಮಾವನಿಗೆ, ಹೆಂಡತಿಯ ತವರಿಗೆ, ಕಡೆಗೆ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರಿಗೂ ಫೋನ್ ಹೋಯಿತು. ಸಾಲ ತೆಗೆಯುವಾಗ ಅವನ ಫೋನಿನ ಎಲ್ಲ ನಂಬರುಗಳನ್ನೂ ಆ ಆ್ಯಪ್ ಎತ್ತಿಕೊಂಡಿತ್ತು. ಸಾಲದ ಆ್ಯಪ್‌ಗಳು ಗ್ರಾಹಕರ ನಂಬರು ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ನಿಯಮ ಪಾಲಿಸದವರ ಮುಂದೆ ನಮ್ಮ ಕಾವಲು ನಾವೇ ಕಾಯಬೇಕು. ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳ ಪುಟ ತೆರೆದು, ‘ಕಾಂಟ್ಯಾಕ್ಟ್ಸ್’ ಒತ್ತಿ, ಯಾರ್‍ಯಾರಿಗೆ ಬಾಗಿಲು ತೆರೆದಿದೆ ಎಂದು ಅವರಿಂದಲೇ ಗಟ್ಟಿಯಾಗಿ ಓದಿಸಿ. ನಾಯಕರ ಹುಟ್ಟುಹಬ್ಬಕ್ಕೆ ಬ್ಯಾನರ್ ಮಾಡುವ ಆ್ಯಪ್ ಆ ಪಟ್ಟಿಯಲ್ಲಿ ಕಂಡ ಕೂಡಲೇ ಅದನ್ನು ಮುಚ್ಚಲು ಅವರ ಬೆರಳೇ ಮುಂದಾಗುತ್ತದೆ.

ಇಲ್ಲೇ ಒಂದು ಎಚ್ಚರದ ಮಾತು, ನನ್ನಂತೆ ಮುಕ್ತ ತಂತ್ರಾಂಶದ ಹುಚ್ಚಿರುವ ಗೆಳೆಯರಿಗೆ. ನಮಗೆಲ್ಲ ಎಫ್-ಡ್ರಾಯ್ಡ್ ಪ್ರೀತಿಯ ಅಂಗಡಿ. ಮೂಲಸಂಕೇತ ತೆರೆದಿಟ್ಟ ಆ್ಯಪ್‌ಗಳು ಮಾತ್ರ ಅಲ್ಲಿ ಸಿಗುತ್ತವೆ. ಆದರೆ ಅಲ್ಲಿಂದ ಏನನ್ನಾದರೂ ಹಾಕಲು ‘ಅಪರಿಚಿತ ಮೂಲ’ದ ಅನುಮತಿ ತೆರೆಯಬೇಕು. ಮದುವೆ ಕರೆಯೋಲೆ ಎಂಬ ಸೋಗಿನಲ್ಲಿ ಎಪಿಕೆ ಕಡತ ಕಳಿಸಿ ಬ್ಯಾಂಕಿನ ಖಾತೆ ಬರಿದು ಮಾಡುವವರ ಕಾಲವಿದು. ಅತ್ತೆಗೆ ಆ ಅನುಮತಿ ತೆರೆಯುವುದನ್ನು ಕಲಿಸಿ ಬಂದರೆ ನಾವು ಮಾಡಿದ್ದು ಉಪಕಾರವಲ್ಲ. ಬೆರಳಿನಿಂದ ಕನ್ನಡ ಒತ್ತುವವರಿಗೆ ನಾನು ಹೆಲಿಬೋರ್ಡ್ ಎಂಬ ಕೀಲಿಮಣೆ ಹಾಕಿಕೊಡುತ್ತೇನೆ. ಅದಕ್ಕೆ ಇಂಟರ್ನೆಟ್ ಮುಟ್ಟುವ ಅನುಮತಿಯೇ ಇಲ್ಲ, ಹಾಗಾಗಿ ಒತ್ತಿದ ಅಕ್ಷರ ಹೊರಗೆ ಹೋಗುವ ದಾರಿ ಇಲ್ಲ. ಅದನ್ನು ನಾನೇ ಹಾಕಿ, ಅನುಮತಿಯನ್ನು ಮತ್ತೆ ಮುಚ್ಚಿ ಬರುತ್ತೇನೆ. ಬಾಯಲ್ಲಿ ಹೇಳಿ ಬರೆಸುವವರ ಗೂಗಲ್ ಕೀಲಿಮಣೆಯನ್ನು ಮಾತ್ರ ಮುಟ್ಟುವುದಿಲ್ಲ, ಅದರಷ್ಟು ಚೆನ್ನಾಗಿ ಕನ್ನಡ ಕೇಳಿಸಿಕೊಳ್ಳುವ ಮುಕ್ತ ಬದಲಿಯನ್ನು ನಾನಿನ್ನೂ ಕಂಡಿಲ್ಲ. ಹಣ ಕಳಿಸುವ ಆ್ಯಪ್‌ಗಳನ್ನೂ ಮುಟ್ಟುವುದಿಲ್ಲ.

ಫೋಟೊಗಳ ವಿಷಯ ಸುಲಭ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ ನಿಂತಿತು. ಈಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿಬಿ. ಮೊಮ್ಮಗನ ವಿಡಿಯೊಗಳಿಂದ ಅದು ತುಂಬಿದರೆ ಬರಬೇಕಾದ ಮೇಲ್ ಕೂಡ ನಿಲ್ಲುತ್ತದೆ. ಎಂಟೆಯಂಥ ಎನ್‌ಕ್ರಿಪ್ಟ್ ಮಾಡಿದ ಸೇವೆಗಳು ಚೆನ್ನಾಗಿವೆ, ನಾನೇ ಬಳಸುತ್ತೇನೆ. ಆದರೆ ಬಹುತೇಕ ಮನೆಗಳಿಗೆ ಒಂದು ಪೆನ್‌ಡ್ರೈವ್ ಮತ್ತು ಫೋನಿಗೆ ಸಿಕ್ಕಿಸುವ ಒಟಿಜಿ ತುಂಡು ಸಾಕು.

ಇ-ಮೇಲ್‌ಗೆ ಬಂದರೆ ನನ್ನ ಸಲಹೆ ಇನ್ನೂ ಬಿಗಿ. ಸರ್ನ್ ಪ್ರಯೋಗಾಲಯದಲ್ಲಿ ಭೇಟಿಯಾದ ವಿಜ್ಞಾನಿಗಳು 2014ರಲ್ಲಿ ಶುರು ಮಾಡಿದ ಪ್ರೋಟಾನ್ ಮೇಲ್ ನನಗೆ ಇಷ್ಟ. ಆದರೂ 2025ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೇ ಅದನ್ನು ನಿರ್ಬಂಧಿಸುವ ಕ್ರಮ ಶುರು ಮಾಡುವಂತೆ ಕೇಂದ್ರಕ್ಕೆ ಹೇಳಿತ್ತು. 2023ರ ಮೇ ತಿಂಗಳಲ್ಲಿ ಎಲಿಮೆಂಟ್, ಬ್ರಯಾರ್ ಸೇರಿ 14 ಸಂದೇಶ ಆ್ಯಪ್‌ಗಳನ್ನು ಕೇಂದ್ರ ತಡೆಹಿಡಿದದ್ದೂ ನೆನಪಿದೆ. ಆ ಆದೇಶಗಳ ಸರಿ ತಪ್ಪು ಬೇರೆ ಚರ್ಚೆ. ಪಿಂಚಣಿ, ಬ್ಯಾಂಕು, ಮಕ್ಕಳ ವಿದ್ಯಾರ್ಥಿವೇತನ ಜೋಡಿಸಿದ ವಿಳಾಸವನ್ನು ಅಂಥ ಅನಿಶ್ಚಿತಕ್ಕೆ ಒಡ್ಡುವ ಹಕ್ಕು ನನಗಿಲ್ಲ. ಹೊಸ ವಿಳಾಸ ಆಪ್ತರ ಪತ್ರಕ್ಕಿರಲಿ, ಹಳೆಯದು ಹಾಗೇ ಉಳಿಯಲಿ.

ಬೀದರ್ ನಗರದ ಝೆರಾಕ್ಸ್ ಅಂಗಡಿಯೊಂದರಲ್ಲಿ ನನಗೆ ಬಹಳ ಖುಷಿ ಕೊಟ್ಟ ಕೆಲಸವೊಂದಾಯಿತು. 2025ರ ಅಕ್ಟೋಬರ್ 14 ವಿಂಡೋಸ್ 10ರ ಮಾಮೂಲಿ ಭದ್ರತಾ ಪರಿಷ್ಕರಣೆಗೆ ಕಡೆಯ ದಿನವಾಗಿತ್ತು. ಅಂಗಡಿಯ ಎರಡು ಕಂಪ್ಯೂಟರುಗಳೂ ಹಳೆಯವು, ವಿಂಡೋಸ್ 11 ಅವುಗಳ ಮೇಲೆ ಏರುವಂತಿರಲಿಲ್ಲ. ಪಹಣಿ ತೆಗೆಯುವ, ಅರ್ಜಿ ತುಂಬುವ ಒಂದರ ಮೇಲೆ ಲಿನಕ್ಸ್ ಮಿಂಟ್ ಹಾಕಿದೆ. ಅಂಗಡಿಯ ಅಣ್ಣನಿಗಿದ್ದದ್ದು ಒಂದೇ ಭಯ: “ನುಡಿ ಇಲ್ದೆ ನಾ ಹ್ಯಾಂಗ್ ಟೈಪ್ ಮಾಡ್ಲಿ ಸರ್? ಈ ಬೆರಳಿಗಿ ಬ್ಯಾರೇದು ಬರಂಗಿಲ್ಲ.” ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬುದೊಂದಿದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ನಾಡಿಗೆಲ್ಲ ರೂಢಿಯಾದ ವಿನ್ಯಾಸವೇ ಅದು. ಆರಿಸಿ ಕೊಟ್ಟೆ. ಕೆ, ಎನ್, ಎಫ್, ಎನ್, ಡಬ್ಲ್ಯು: ಐದು ಕೀಲಿ ಒತ್ತಿದರು, ಪರದೆಯ ಮೇಲೆ ‘ಕನ್ನಡ’ ಮೂಡಿತು. ಒತ್ತಕ್ಷರಕ್ಕೆ ಅದೇ ಎಫ್, ಡಕಾರಕ್ಕೆ ಅದೇ ಡಬ್ಲ್ಯು. ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ, ಬಾಡಿಗೆ ಕರಾರು ಬರೆಯಲು ಕೂತರು.

ಇನ್ನೊಂದು ಕಂಪ್ಯೂಟರನ್ನು ವಿಂಡೋಸಿನಲ್ಲೇ ಬಿಟ್ಟೆ. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದ ಎಷ್ಟೋ ವರ್ಷಗಳ ಕಡತ ಅದರಲ್ಲಿವೆ. ಯುನಿಕೋಡಿಗೆ ತಿರುಗಿಸುವ ಉಚಿತ ಸಲಕರಣೆಗಳಿದ್ದರೂ ಪುಟವಿನ್ಯಾಸ ಕೆಡುತ್ತದೆ. ಬೆರಳಿನ ಗುರುತು ಪಡೆಯುವ ಯಂತ್ರಕ್ಕೆ ಬೇಕಾದ ತಂತ್ರಾಂಶವೂ ಅದರಲ್ಲೇ ಇದೆ. ಅದಕ್ಕೆ ನೆಟ್ ಸಂಪರ್ಕವನ್ನು ಬೇಕಾದಾಗಷ್ಟೇ ಕೊಡುವಂತೆ ಹೇಳಿದ್ದೇನೆ. ಅಂಗಡಿಯ ಹೊಟ್ಟೆಪಾಡನ್ನು ನನ್ನ ತತ್ವಕ್ಕೆ ಅಡ ಇಡಲಾರೆ.

ಇಷ್ಟಾದ ಮೇಲೆ, ಎಂದರೆ ಎರಡು ಮೂರು ತಿಂಗಳಾದ ಮೇಲೆ, ವಾಟ್ಸ್ಆ್ಯಪ್ ಮಾತು. ನಾನು ಸೂಚಿಸುವುದು ಸಿಗ್ನಲ್. ವಾಟ್ಸ್ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಯಾನ್ ಆ್ಯಕ್ಟನ್ ಅದನ್ನು ಫೇಸ್‌ಬುಕ್‌ಗೆ ಮಾರಿ, 2017ರಲ್ಲಿ ಅಲ್ಲಿಂದ ಹೊರಬಂದು, ಮರುವರ್ಷ 5 ಕೋಟಿ ಡಾಲರ್ ಹಾಕಿ ಸಿಗ್ನಲ್ ಪ್ರತಿಷ್ಠಾನ ನಿಲ್ಲಿಸಿದರು. ಸಂದೇಶಕ್ಕೆ ಬೀಗ ಹಾಕುವ ವಿಧಾನ ಎರಡರಲ್ಲೂ ಒಂದೇ. ಆದರೆ ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬ ಲೆಕ್ಕ ಸಿಗ್ನಲ್ ಬಳಿ ಇರುವುದಿಲ್ಲ. ಅಮೆರಿಕದ ನ್ಯಾಯಾಲಯ ಕೇಳಿದಾಗ ಖಾತೆ ತೆರೆದ ದಿನ ಮತ್ತು ಕಡೆಯದಾಗಿ ಸಂಪರ್ಕಕ್ಕೆ ಬಂದ ದಿನ, ಇವೆರಡು ಬಿಟ್ಟು ಕೊಡಲು ಅವರಲ್ಲಿ ಏನೂ ಇರಲಿಲ್ಲ.

ನಮ್ಮದೇ ಆ್ಯಪ್ ಇರುವಾಗ ಪರದೇಶದ್ದೇಕೆ ಎನ್ನುವವರಿದ್ದಾರೆ. ಬೆಂಗಳೂರಿನ ಕೂ 2020ರಲ್ಲಿ ಕನ್ನಡದಿಂದಲೇ ಶುರುವಾಯಿತು, ಬಹಳ ಜನ ಅಕ್ಕರೆಯಿಂದ ಹೋದರು. 2024ರ ಜುಲೈನಲ್ಲಿ ಮುಚ್ಚಿತು. 2025ರ ಶರತ್ಕಾಲದಲ್ಲಿ ಅರಟ್ಟೈ ಎಂಬ ನಮ್ಮ ದೇಶದ ಸಂದೇಶ ಆ್ಯಪ್ ಎಲ್ಲರ ಬಾಯಲ್ಲಿದ್ದಾಗ ಅದರಲ್ಲಿ ಬರೆದು ಕಳಿಸುವ ಸಂದೇಶಗಳಿಗೆ ಪೂರ್ತಿ ಎನ್‌ಕ್ರಿಪ್ಷನ್ ಇರಲಿಲ್ಲ. ಯಾವ ದೇಶದ್ದು ಎಂಬುದಕ್ಕಿಂತ ಮೊದಲು ನಾನು ನೋಡುವುದು ಅದರ ಹೊಟ್ಟೆ ಯಾವುದರಿಂದ ತುಂಬುತ್ತದೆ ಎಂಬುದನ್ನು.

ಆದರೆ ಈ ಬೀದರ್ ಜಿಲ್ಲೆಯಲ್ಲಿ ಆ್ಯಪ್ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 2018ರ ಜುಲೈ 13ರಂದು ಆಗಿನ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಗೆಳೆಯರೊಂದಿಗೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಮುಟ್ಟಿತ್ತು, ರಸ್ತೆಗೆ ಮರದ ದಿಮ್ಮಿ ಅಡ್ಡ ಬಿದ್ದಿತ್ತು. ಆ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳಾದವು. ಮುರ್ಕಿಯ ಘಟನೆಯ ವಾರದೊಳಗೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂಬ ಮಿತಿಯನ್ನು ವಾಟ್ಸ್ಆ್ಯಪ್ ಪ್ರಕಟಿಸಿತು. ಸಿಗ್ನಲ್‌ನಲ್ಲೂ ಅಂಥದೇ ಮಿತಿ ಇದೆ. ಅಷ್ಟರಿಂದ ಸುಳ್ಳು ಸಾಯುವುದಿಲ್ಲ. ಆದ್ದರಿಂದ ನಾನು ಸಿಗ್ನಲ್‌ನಲ್ಲಿ ದೊಡ್ಡ ಗುಂಪು ಕಟ್ಟಿಕೊಡುವುದಿಲ್ಲ. ಒಂದು ಮನೆ, ಒಬ್ಬರಿಗೊಬ್ಬರು ದನಿ ಗುರುತಿಸುವ ಏಳೆಂಟು ಜನ, ಅಷ್ಟೇ. ಮೊಮ್ಮಕ್ಕಳ ಫೋಟೊ, ಆಸ್ಪತ್ರೆಯ ಚೀಟಿ, ಹೊಲದ ಕಾಗದ ಅಲ್ಲಿ ಬರಲಿ. ಉಳಿದ ಗುಂಪುಗಳು ಹಳೆಯ ಜಾಗದಲ್ಲೇ ಇರಲಿ.

ಹಾಕಿಕೊಟ್ಟು ಬಂದ ಮೇಲೆ ಒಂದು ವಾರ ಬಿಟ್ಟು ಮತ್ತೆ ಹೋಗಲೇಬೇಕು. ಬೀದರಿನಿಂದ ಭಾಲ್ಕಿಗೆ, ಔರಾದಿಗೆ ಸುಮಾರು ನಲವತ್ತು ಕಿಲೋಮೀಟರ್, ಫೋನಿನಲ್ಲೇ ಕೇಳಿದರಾಯಿತು ಎನಿಸುತ್ತದೆ. ಆದರೆ ಫೋನಿನಲ್ಲಿ ಎಲ್ಲರೂ “ಛಲೋ ಅದ” ಅನ್ನುತ್ತಾರೆ. ನಾನು ಹೋದಾಗ ಅತ್ತೆ ಕ್ರೋಮ್‌ನಲ್ಲೇ ಇದ್ದರು. ಬಯ್ಯಲಿಲ್ಲ, ಎಲ್ಲಿ ತೊಡಕಾಯಿತೆಂದು ಕೇಳಿದೆ. ಕರೆಂಟ್ ಬಿಲ್ ಕಟ್ಟುವ ಪುಟ ಹೊಸ ಬ್ರೌಸರಿನಲ್ಲಿ ಅರ್ಧಕ್ಕೆ ನಿಂತಿತ್ತಂತೆ. ಆ ಒಂದು ತಾಣಕ್ಕೆ ಮಾತ್ರ ಯುಬ್ಲಾಕ್ ನಿಲ್ಲಿಸುವ ಗುಂಡಿ ತೋರಿಸಿ, ಅವರ ಕೈಯಿಂದಲೇ ಎರಡು ಸಲ ಒತ್ತಿಸಿ, ಆ ತಿಂಗಳ ಬಿಲ್ಲನ್ನೂ ಅಲ್ಲೇ ಕಟ್ಟಿಸಿದೆ.