ಎತ್ತರ ಅಳೆದು ಉಸಿರು ಕೊಡಿ

ಹನಗೋಡಿನ ಕಡೆಯಿಂದ ಹೊಗೆಸೊಪ್ಪು ಕಟ್ಟುವ ಹೆಣ್ಣುಮಗಳೊಬ್ಬಳು ನ್ಯುಮೋನಿಯಾ ಉಲ್ಬಣಿಸಿ, ಹುಣಸೂರು ದಾಟಿ ಮೈಸೂರಿನ ಐಸಿಯುಗೆ ಬಂದಳೆನ್ನಿ. ಎತ್ತರ 150 ಸೆಂ.ಮೀ. ಎರಡೂ ಶ್ವಾಸಕೋಶದಲ್ಲಿ ನೀರು ತುಂಬಿ ಎಆರ್‌ಡಿಎಸ್ ಆಗಿದೆ, ವೆಂಟಿಲೇಟರ್ ಹಾಕಲೇಬೇಕು. ಪ್ರತಿ ಉಸಿರಿಗೆ ಎಷ್ಟು ಗಾಳಿ? ದೊಡ್ಡವರಿಗೆ 500 ಮಿ.ಲೀ. ಎಂಬ ಬಾಯಿಲೆಕ್ಕ ಹಿಡಿದರೆ ಬೇಕಾದ್ದರ ಹತ್ತಿರ ಹತ್ತಿರ ಎರಡು ಪಟ್ಟು ಒತ್ತಿದಂತೆ. ಮೈ ದಪ್ಪವಾದರೆ ಶ್ವಾಸಕೋಶ ಹಿಗ್ಗುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಬೇಕಾದದ್ದು ಎತ್ತರ. ಈಕೆಯ ಎತ್ತರಕ್ಕೆ ಸಲ್ಲುವ ತೂಕ ಸುಮಾರು 43 ಕಿಲೋ. ಕಿಲೋಗೆ 6ರಂತೆ 260 ಮಿ.ಲೀ. ಸಾಕು.

ಈ 6ರ ಹಿಂದಿರುವುದು 2000ದಲ್ಲಿ ಪ್ರಕಟವಾದ ಅಮೆರಿಕದ ಎಆರ್‌ಡಿಎಸ್‌ನೆಟ್ ಅಧ್ಯಯನ. 861 ರೋಗಿಗಳಲ್ಲಿ ಕಿಲೋಗೆ 12 ಮಿ.ಲೀ. ಪಡೆದವರ ಪೈಕಿ ಶೇ. 39.8 ಮಂದಿ ತೀರಿಕೊಂಡರು, 6 ಪಡೆದವರಲ್ಲಿ ಶೇ. 31. ವಿಚಿತ್ರವೆಂದರೆ, ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕ ಚೆನ್ನಾಗಿದ್ದದ್ದು ಹೆಚ್ಚು ಗಾಳಿ ಪಡೆದವರಲ್ಲೇ! ಮಾನಿಟರ್ ನೋಡಿ ಖುಷಿಪಡುವ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. 12 ಎಂಬುದೇ ಅತಿಯಾಗಿತ್ತು, ಹಾಗಾಗಿ 6 ಸುಲಭವಾಗಿ ಗೆದ್ದಿತು ಎಂಬ ಆಕ್ಷೇಪಣೆಯಿದೆ. ಅದರಲ್ಲಿ ಹುರುಳಿದೆ. ಆದರೂ ಆಮೇಲೆ ಬಂದ ಗಟ್ಟಿ ಉಪಾಯಗಳ ಗತಿ ನೋಡಿ: ಯಂತ್ರದಿಂದ ಅತಿವೇಗದ ಕಿರುಕಂಪನ ಕೊಡುವ ವಿಧಾನ 2013ರ ಆಸಿಲೇಟ್ ಅಧ್ಯಯನದಲ್ಲಿ ಸಾವು ಹೆಚ್ಚಿಸಿತು, ಕುಸಿದ ಶ್ವಾಸಕೋಶವನ್ನು ಭಾರಿ ಒತ್ತಡದಿಂದ ಬಿಚ್ಚುವ ಪ್ರಯತ್ನಕ್ಕೂ 2017ರಲ್ಲಿ ಅದೇ ಫಲ.

ಗೆದ್ದದ್ದು ಬೋರಲು ಮಲಗಿಸುವುದು. 2013ರ ಪ್ರೊಸೇವಾ ಅಧ್ಯಯನದಲ್ಲಿ, ಅಂಗಾತ ಮಲಗಿಸಿದವರಲ್ಲಿ 28 ದಿನಗಳೊಳಗಿನ ಸಾವು ಶೇ. 32.8, ದಿನಕ್ಕೆ 16 ತಾಸಾದರೂ ಬೋರಲಿದ್ದವರಲ್ಲಿ ಶೇ. 16. ಒಂದು ಮಾತು ಮರೆಯುವಂತಿಲ್ಲ: ಆ ಐಸಿಯುಗಳಿಗೆ ಬೋರಲು ಮಲಗಿಸುವುದರಲ್ಲಿ ಐದು ವರ್ಷಕ್ಕೂ ಮಿಕ್ಕಿದ ಅನುಭವವಿತ್ತು. ಒಬ್ಬರು ತಲೆಯ ಬಳಿ ನಿಂತು ಟ್ಯೂಬ್ ಹಿಡಿಯಬೇಕು, ಮೂರ್ನಾಲ್ಕು ಮಂದಿ ಒಟ್ಟಿಗೆ ಹೊರಳಿಸಬೇಕು, ಕೆನ್ನೆ ಹುಣ್ಣಾಗದಂತೆ ಮುಖ ತಿರುಗಿಸುತ್ತಿರಬೇಕು. ರಾತ್ರಿ ಪಾಳಿಯಲ್ಲಿ ಇಷ್ಟು ಕೈ ಎಲ್ಲಿವೆ?

2020ರಲ್ಲಿ ಮೈಸೂರಿನದೇ ಸ್ಕ್ಯಾನ್‌ರೇ ಕಂಪನಿಯ ಜೊತೆ ಸೇರಿ ಬಿಇಎಲ್ 30 ಸಾವಿರ ವೆಂಟಿಲೇಟರ್‌ಗಳ ಬೇಡಿಕೆ ಪೂರೈಸಿದ್ದು ಹೆಮ್ಮೆಯ ಸಂಗತಿಯೇ. ಆದರೆ ಗೆದ್ದ ಎರಡು ವಿಧಾನಗಳಲ್ಲಿ ಒಂದಕ್ಕೆ ಬೇಕಾದದ್ದು ದರ್ಜಿಯ ಟೇಪು, ಇನ್ನೊಂದಕ್ಕೆ ನರ್ಸ್‌ಗಳು. ಯಂತ್ರ ಎಣಿಸುವ ಉತ್ಸಾಹ ಇವರನ್ನು ಎಣಿಸುವಾಗ ಕಾಣುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಈ ಅಧ್ಯಯನಗಳೆಲ್ಲ ಐಸಿಯು ಒಳಗೆ ಶುರುವಾಗುತ್ತವೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಟ್ಯೂಬ್ ಹಾಕಿ ಕಳಿಸಿದರೆ, ಆಂಬುಲೆನ್ಸ್‌ನಲ್ಲಿ ವೆಂಟಿಲೇಟರ್ ಇಲ್ಲದಿದ್ದಾಗ ದಾರಿಯುದ್ದಕ್ಕೂ ಆಂಬು ಬ್ಯಾಗ್ ಒತ್ತಬೇಕು. ದೊಡ್ಡವರ ಬ್ಯಾಗಿನಲ್ಲಿ ಒಂದೂವರೆ ಲೀಟರಿನಷ್ಟು ಗಾಳಿ ಹಿಡಿಯುತ್ತದೆ. ಗಾಬರಿಯಲ್ಲಿ ಎರಡೂ ಕೈಯಿಂದ ಹಿಂಡಿದರೆ 260 ದಾಟಲು ಅರೆಗಳಿಗೆ ಸಾಕು. ಅಲ್ಲಿ ಎಷ್ಟು ಹೋಯಿತೆಂದು ಅಳೆಯುವವರಿಲ್ಲ, ರೆಫರಲ್ ಚೀಟಿಯಲ್ಲಿ ಅದಕ್ಕೊಂದು ಕಲಮೂ ಇರುವುದಿಲ್ಲ.