ಕೂಲಿಯೂ ಕೃತಜ್ಞತೆಯೂ

‘ಲಿಲೀಸ್ ಆಫ್ ದಿ ಫೀಲ್ಡ್’ ಎಂಬ 1963ರ ಅಮೆರಿಕನ್ ಚಿತ್ರವನ್ನು ತಮ್ಮಲ್ಲಿ ಕೆಲವರಾದರೂ ನೋಡಿರಬಹುದು. ವಿಲಿಯಂ ಬ್ಯಾರೆಟ್ ಅವರ ಕಾದಂಬರಿಯನ್ನು ಆಧರಿಸಿ ರಾಲ್ಫ್ ನೆಲ್ಸನ್ ನಿರ್ದೇಶಿಸಿದ ಚಿತ್ರವಿದು. ಕಪ್ಪು ಜನಾಂಗದ ಅಲೆಮಾರಿ ಕೆಲಸಗಾರ ಹೋಮರ್ ಸ್ಮಿತ್, ಕಾರಿಗೆ ನೀರು ಬೇಕೆಂದು ಅರಿಜೋನದ ಬಯಲಿನಲ್ಲಿ ನಿಲ್ಲುತ್ತಾನೆ. ಯುರೋಪಿನಿಂದ ಬಂದು ಅಲ್ಲಿ ನೆಲೆಸಿದ ಐವರು ಬಡ ಕನ್ಯಾಸ್ತ್ರೀಯರು ಅವನಿಂದ ಮಾಳಿಗೆ ದುರಸ್ತಿ ಮಾಡಿಸುತ್ತಾರೆ. ಕೂಲಿ ಕೇಳಿದರೆ ಹಣವಿಲ್ಲ. ಪ್ರಾರ್ಥನಾಮಂದಿರವನ್ನೂ ಕಟ್ಟಿಕೊಡಬೇಕೆಂದು ಮದರ್ ಮರಿಯಾ ಪಟ್ಟುಹಿಡಿಯುತ್ತಾರೆ!

ಇಬ್ಬರೂ ಬೈಬಲ್ ಹಿಡಿದು ವಾದಿಸುವ ದೃಶ್ಯವೊಂದಿದೆ. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಸಂತ ಲೂಕರ ವಚನವನ್ನು (10:7) ಆತ ಮುಂದಿಟ್ಟರೆ, ಆಕೆ ಸಂತ ಮತ್ತಾಯರ ಹೊಲದ ಹೂಗಳನ್ನು ತೋರಿಸುತ್ತಾರೆ. ನಗಿಸಲೆಂದೇ ಹೆಣೆದ ದೃಶ್ಯ. ನನಗೆ ನಗು ಬರಲಿಲ್ಲ. ಚಿಂತಿಸಬೇಡಿ ಎಂದು ಪ್ರಭು ಹೇಳಿದ್ದು ಬಡವರಿಗೆ ಧೈರ್ಯ ತುಂಬಲು. ದಿನಗೂಲಿಯವನ ಬಾಯಿ ಮುಚ್ಚಿಸಲು ಅಲ್ಲ. ಆ ಸಹೋದರಿಯರೂ ಅರೆಹೊಟ್ಟೆಯಲ್ಲಿದ್ದರೆಂಬುದು ನಿಜ. ಆದರೂ ಚಿತ್ರ ಈ ಮುಜುಗರವನ್ನು ಹಾಸ್ಯದಲ್ಲಿ ಮುಚ್ಚಿಬಿಟ್ಟಿದೆ.

ಚಿತ್ರದ ನಿಜವಾದ ಸತ್ವವಿರುವುದು ಊರವರು ಹಸಿ ಇಟ್ಟಿಗೆ ಹೊತ್ತು ತರುವಲ್ಲಿ. ಅವರು ಮೆಕ್ಸಿಕನ್ ಮೂಲದ ಬಡವರು. ಬಲಿಪೂಜೆಯನ್ನು ಬಯಲಿನಲ್ಲೇ ಕಾಣುತ್ತಿದ್ದವರು. ಹೋಮರನಿಗೆ ಅವರ ಸಹಾಯ ಬೇಡ. ಮಂದಿರ ತನ್ನೊಬ್ಬನ ಕೈಯಿಂದಲೇ ಏಳಬೇಕೆಂಬ ಹಟ ಅವನದು. ನವಲಗುಂದದ ಎರೆಹೊಲಗಳ ರೈತರು ಈ ಹಟವನ್ನು ಒಪ್ಪಲಾರರು. ಮುಯ್ಯಾಳು ಕರೆಯದೆ ಒಕ್ಕಲುತನ ಸಾಗುವುದುಂಟೆ? ಆದರೆ ಇಂದು ನಿಮ್ಮ ಹೊಲ, ನಾಳೆ ನಮ್ಮ ಹೊಲ ಎಂಬ ಮುಯ್ಯಿಗೆ ಮರಳಿಕೆಯ ಭರವಸೆಯಿದೆ. ಈ ಕನ್ಯಾಸ್ತ್ರೀಯರಿಗೆ ಮರಳಿಸಲು ಹೊಲವೂ ಇಲ್ಲ, ಆಳೂ ಇಲ್ಲ. ದೇವರಲ್ಲಿ ನಂಬಿಕೆಯಿಲ್ಲದ ಹೋಟೆಲಿನ ಹುವಾನ್ ಕೂಡ, ಒಂದು ವೇಳೆ ದೇವರಿದ್ದರೆ ಎಂಬ ವಿಮೆಯ ಲೆಕ್ಕದಲ್ಲಿ ಕೈಜೋಡಿಸುತ್ತಾನೆ. ಅವನ ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಹೋಮರನೂ ಕಥೋಲಿಕನಲ್ಲ, ಬ್ಯಾಪ್ಟಿಸ್ಟ್. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ಬೈಬಲಿನ ಪ್ರತಿಯೊಂದನ್ನು ಗೌರವದಿಂದ ಕಾಪಾಡಿಕೊಂಡು ಬಂದಿರುವುದನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು.

ಬೇಡುವುದರಲ್ಲಿಯೂ ರೀತಿಗಳಿವೆ. ಸಂತ ಜಾನ್ ಜುಗಾನರು ಸ್ಥಾಪಿಸಿದ ‘ಬಡವರ ಪುಟ್ಟ ಸಹೋದರಿಯರು’ 1900ರಲ್ಲಿ ಬೆಂಗಳೂರಿಗೆ ಬಂದರು. ನಿಶ್ಚಿತ ಆದಾಯವಿಲ್ಲದೆ, ಮನೆಮನೆ, ಅಂಗಡಿ ಅಂಗಡಿಗಳಲ್ಲಿ ಭಿಕ್ಷೆಯೆತ್ತಿ ವೃದ್ಧರನ್ನು ಸಾಕುವುದು ಅವರ ಸಭೆಯ ಸಂಪ್ರದಾಯ. ಅಲ್ಲಿ ಕೊಡುವವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿದೆ. ಮದರ್ ಮರಿಯಾ ಹೋಮರನಿಗೆ ಆ ಸ್ವಾತಂತ್ರ್ಯವನ್ನೇ ಕೊಡುವುದಿಲ್ಲ. ದೇವರು ಕಳಿಸಿದವನೆಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಆದ್ದರಿಂದ ಧನ್ಯವಾದವೂ ದೇವರಿಗೆ ಮಾತ್ರ.

ಕಡೆಯ ರಾತ್ರಿ ಇಂಗ್ಲಿಷ್ ಪಾಠ ಹೇಳಿಕೊಡುವ ನೆಪದಲ್ಲಿ ಹೋಮರ್ ಆ ಒಂದು ಮಾತನ್ನು ಅವರ ಬಾಯಿಂದ ಉಪಾಯವಾಗಿ ಹೊರಡಿಸುತ್ತಾನೆ. ಸಿಡ್ನಿ ಪೊಯ್ಟಿಯೇ ಮತ್ತು ಲಿಲಿಯಾ ಸ್ಕಾಲಾ ಅವರ ಅಭಿನಯವನ್ನು ಇಲ್ಲಿ ನೋಡಬೇಕು. ಪೊಯ್ಟಿಯೇ ಅವರಿಗೆ 1964ರಲ್ಲಿ ಶ್ರೇಷ್ಠ ನಟನ ಆಸ್ಕರ್ ದೊರೆತುದು ಈ ಪಾತ್ರಕ್ಕೇ. ಬಳಿಕ ‘ಆಮೆನ್’ ಹಾಡು ಮೊದಲಾಗುತ್ತದೆ. ಸಹೋದರಿಯರು ಹಾಡುತ್ತಿರುವಂತೆಯೇ ಆತ ಕತ್ತಲಲ್ಲಿ ಕಾರು ಹತ್ತಿ ಹೊರಟುಹೋಗುತ್ತಾನೆ. ಮಾಳಿಗೆಯ ಕೂಲಿ ಬಾಕಿಯೇ ಉಳಿಯುತ್ತದೆ.